ತವರಿನ ಎಲಿಬಳ್ಳಿ

ಹಡಪಸರ, ಪುಣೆ
ತಾ. ೨೮ ಜುಲೈ ೧೯೩೪

ತೀರ್ಥರೂಪ ಸಮಾನ ಕಲ್ಲಪ್ಪಣ್ಣಗ, ತಂಗಿ ನಾಗವ್ವ ಮಾಡುವ ಶರಣಾರ್ಥಿ.

ನಿನ್ನ ಎರಡೂ ಕಾರ್ಡು ಬಂದು ಮುಟ್ಟಿದವು. ಉತ್ತರಾ ಬರೀಲಿಲ್ಲಂತ ಸಿಟ್ಟಾಗಬ್ಯಾಡ. ಬರೀಬೇಕಂತ ಕೂತಾಗೆಲ್ಲಾ ಏನರ ಒಂದು ಆಗೂದು, ಮುಂಜಾನೆ ಬರದದ್ದು ಸಂಜೀಕ ಸುಳ್ಳಾಗೂದು. ಈಗ ಎಲ್ಲಾ ಒಂದು ದಂಡಿಗೆ ಹತ್ತ್ಯದ ಅಂತ ಕೂತೀನಿ. ಮದಲ ನಿನ್ನ ಮಗಳ ಸುದ್ದಿ ಹೇಳಿಬಿಡತೀನಿ, ನಿನ್ನ ಕಣ್ಣು ಅದನ್ನ ಹುಡುಕತಿರತದ. ಗಂಗೂ ಆರಾಮ ಇದ್ದಾಳ. ಸ್ವಲ್ಪ ಬಡವಾಗ್ಯಾಳ, ಮಾತು ಕಡಿಮಿ ಮಾಡ್ಯಾಳ. ಉಣ್ಣತಾಳ, ಮಲಗತಾಳ. ನನಗ ಸೊಸಿ ಆಗೂಕಿಂತ ಮದಲ ಆಕಿ ನಾ ಎತ್ತಿ ಆಡಿಸಿದ ಕೂಸು, ಅದನ್ನ ನಾ ಮರತಿಲ್ಲ.

ನಮ್ಮ ವೀಳ್ಯದೆಲಿ ತೋಟ ಹೋತಣ್ಣಾ. ಒಂದು ಸಾಲು ಎರಡು ಸಾಲಲ್ಲ, ಪೂರಾ ಹೋತು.

ಮಿರಗದ ಮಳಿ ಹಿಡದು ನೆಲಾ ತೊಯ್ದ ಮ್ಯಾಲೆ ಸುರು ಆತು. ಒಂದು ಬಳ್ಳಿ ಎಲಿ ಜೋತುಬಿದ್ದು ಹಳದಿ ಆದವು. ನೀರು ಸಾಲವಲ್ದು ಅಂತ ನಿನ್ನ ಅಳಿಯ ಬಸಲಿಂಗ ಮತ್ತಷ್ಟು ನೀರು ಹಾಯಿಸಿದ. ಮರುದಿವಸ ಮಗ್ಗಲ ಬಳ್ಳಿನೂ ಜೋತುಬಿತ್ತು. ಮಣ್ಣು ಕೆದರಿ ನೋಡಿದರ ಬಡ್ಡಿ ಕರ್ರಗಾಗಿ, ಮುಟ್ಟಿದರ ಲೋಳಿಯಾಗಿ ಕೈಗೆ ಬರೂದು. ಆ ಕೊಳತ ವಾಸನಿ ಎಷ್ಟು ತೊಳದರೂ ಹೋಗತಿದ್ದಿಲ್ಲ. ಮ್ಯಾಲೆ ನೋಡಿದರ ಆಸರಕ್ಕ ಹಚ್ಚಿದ ಚೊಗಚಿ ಗಿಡಕ್ಕ ಹಬ್ಬಿದ ಹಸರು ಇನ್ನೂ ಹಾಂಗ ಇತ್ತು, ಬುಡದಾಗ ಜೀವ ಇದ್ದಿಲ್ಲ.

ಕಾಲಿವಿ ನೀರು ನಮ್ಮ ತೋಟ ದಾಟಿ ಪಂಢರಿನಾಥನ ತೋಟಕ್ಕ ಹೋಗತದ, ಅಲ್ಲಿಂದ ಮುಂದಿನವರಿಗೆ. ಈ ಪಂಢರಿನಾಥ ನಮ್ಮ ನೆರಿಯವ, ಮರಾಠಿ ಮಂದಿ. ನಮ್ಮ ಮನಿಯವರು ಹೊಸದಾಗಿ ಇಲ್ಲಿಗೆ ಬಂದಾಗ ತೋಟಾ ಹಚ್ಚಾಕ ಕಲಿಸಿದವನ ಅವ. ಅವನ ತೋಟದಾಗೂ ಬಳ್ಳಿ ಜೋತುಬೀಳಾಕ ಹತ್ತಿದ ಮ್ಯಾಲೆ ಕಾಲಿವಿ ದಂಡಿ ತೋಟದವರೆಲ್ಲಾ ಕೂಡಿ ನಮ್ಮ ಪಡಸಾಲಿಗೆ ಬಂದರು. ಚಹಾ ಕೊಟ್ಟರ ಮುಟ್ಟಲಿಲ್ಲ. ಪಂಢರಿನಾಥ ನೆಲಾ ನೋಡಕೋತ ನಮ್ಮ ಮನಿಯವರಿಗೆ, ರಾಮಲಿಂಗಪ್ಪಾ, ನಿಮ್ಮ ಮನಿಗೆ ಹೊಸಾ ಸೊಸಿ ಬಂದ ಮ್ಯಾಲೆನ ಹಿಂಗಾತು, ಆಕಿ ಹೊರಗಾದಾಗ ತೋಟಾ ತುಳದಾಳಂತ ಮಂದಿ ಅಂತಾರ ಅಂದ. ಎಲಿತೋಟದ ಕಟ್ಟು ನಿನಗೇನು ಹೇಳಲಿ. ನಮ್ಮ ಲಿಂಗವಂತರೊಳಗ ಮೈಲಿಗಿ ಇಲ್ಲ ಅಂತಾರ, ಖರೆ, ಎಲಿಬಳ್ಳಿ ಮುಂದ ಆ ಮಾತು ಯಾರೂ ಆಡೂದಿಲ್ಲ. ಚಪ್ಪಲಿ ಬಿಟ್ಟು, ಮೈ ತೊಳಕೊಂಡು ಹೋಗೂ ಜಾಗಾ ಅದು.

ನಾ ಬಾಗಿಲ ಹಿಂದ ನಿಂತಿದ್ದೆ. ಸುಳ್ಳು ಅಂತ ಹೇಳಾಕ ಹೊರಗ ಬರೂದರಾಗ, ಗಂಗೂ ನನ್ನ ದಾಟಿ ಪಡಸಾಲಿಗೆ ಹೋಗಿ ನಿಂತಳು. ತಲಿ ಮ್ಯಾಲಿನ ಸೆರಗು ಸರಿ ಮಾಡಿಕೊಂಡು ಅಂದಳು, “ಹೌದ್ರಿ. ನಾ ಹೋಗಿದ್ದೆ.”

ಅಣ್ಣಾ, ಆಕಿ ಹೋಗಿದ್ದಿಲ್ಲ. ಆ ದಿವಸಗಳಾಗ ಆಕಿ ನನ್ನ ಎದುರಿಗೆ ಕೂತು ಜ್ವಾಳಾ ಬೀಸತಿದ್ದಳು, ಹಾಡೂ ಹೇಳತಿದ್ದಳು. ಒಳಗ ಕರಕೊಂಡು ಹೋಗಿ, ಯಾಕ ಹಿಂಗ ಅಂದಿ ಅಂತ ಕೇಳಿದರ ಗ್ವಾಡಿ ನೋಡಕೋತ ಕೂತಳು. ಬೈದೆ, ಅತ್ತೆ, ಕಾಲು ಹಿಡಕೊಳ್ಳೂದೊಂದು ಬಾಕಿ ಇತ್ತು. ಬಸಲಿಂಗ ಆವತ್ತಿನಿಂದ ಹೆಂಡತಿ ಮಾರಿ ನೋಡೂದು ಬಿಟ್ಟ, ತೋಟದ ಗುಡಿಸಲದಾಗ ಮಲಗಾಕ ಹತ್ತಿದ. ನಮ್ಮ ನೀರಿನ ಪಾಳಿ ಬಂದ ಮಾಡಿದರು. ಜೇಜುರಿ ಮಲ್ಲಯ್ಯಗ ತಪ್ಪುಕಾಣಿಕಿ ಸಲ್ಲಿಸಿ ಹುಡುಗಿನ್ನ ತವರಿಗೆ ಕಳಸ್ರಿ, ಮುಂದ ತಿರಗಿ ಕರಸೂ ಮಾತು ಬ್ಯಾಡ ಅಂತ ಹೇಳಿಕಳಿಸಿದರು. ಮನಿಯವರು ಹೌದನ್ನಲಿಲ್ಲ, ಅಲ್ಲನ್ನಲಿಲ್ಲ. ಆದರ ಬಾಡಿಗಿ ಗಾಡಿಗೆ ಹೇಳಿಬಂದರು. ಗಂಗೂ ತನ್ನ ಸೀರಿ ಮಡಚಿ ಗಂಟು ಕಟ್ಟಿ ಇಟ್ಟಳು. ಅಳಲಿಲ್ಲ. ಅದನ್ನ ನೋಡಿ ನನಗ ಹೆಚ್ಚು ಅಂಜಿಕಿ ಆತು.

ನಾ ಕೈ ಕಟ್ಟಿ ಕೂಡಲಿಲ್ಲ. ಮಂಡಿಯೊಳಗ ಎಲಿ ಮಾರೂ ರಾಧಾಬಾಯಿ ಹೇಳಿದ್ದಳು, ಶೇತಕಿ ಕಾಲೇಜಿನಾಗ, ಅಂದರ ಒಕ್ಕಲತನದ ಕಾಲೇಜಿನಾಗ, ಗಿಡದ ಜಡ್ಡು ನೋಡೂ ಧಾರವಾಡ ಕಡಿ ಮನಶ್ಯಾ ಒಬ್ಬ ಇದ್ದಾನ ಅಂತ. ಮಾರ್ತಾಂಡರಾವ್ ಅಂತ ಅವರ ಹೆಸರು. ಟಾಂಗಾ ಮಾಡಿಕೊಂಡು ಒಬ್ಬಾಕಿನ ಹೋದೆ. ಕನ್ನಡ ಕೇಳಿದ ಕೂಡಲೆ ಎದ್ದು ನಿಂತು ಬರ್ರಿ ಅಂದರು. ಕೊಳತ ಬಡ್ಡಿ ಅರಿವ್ಯಾಗ ಸುತ್ತಿಕೊಂಡು ಹೋಗಿದ್ದೆ. ಸಣ್ಣದು ದೊಡ್ಡದಾಗಿ ಕಾಣೂ ಕನ್ನಡಿ ಹಚ್ಚಿ ಭಾಳ ಹೊತ್ತು ನೋಡಿ, ತೋಟಾ ನೋಡಬೇಕ್ರಿ ಅಂದರು. ಬಂದರು. ತೋಟದ ಬಾಗಿಲಾಗ ಯಾರೂ ಹೇಳದ ಬೂಟು ಕಳದಿಟ್ಟರು, ಅದನ್ನ ನೋಡಿ ಪಂಢರಿನಾಥ ತನ್ನ ತೋಟದಾಗೂ ಅವರನ್ನ ಬಿಟ್ಟ.

ಅವರು ಎಲ್ಲಾರನ್ನೂ ಕೂಡಿಸಿ ನಮ್ಮ ಅಂಗಳದಾಗ ಎರಡು ಬೋಗೋಣಿ ಇಟ್ಟರು. ಒಂದರಾಗ ಭಾವಿ ನೀರು, ಇನ್ನೊಂದರಾಗ ನಮ್ಮ ತೋಟದ ಕಾಲಿವ್ಯಾಗ ನಿಂತ ನೀರು. ಯಾವುದರಾಗ ಎಲಿ ಕೊಳೀತದೋ ನಾಕು ದಿವಸ ಬಿಟ್ಟು ನೋಡೂಣು ಅಂತ ಎರಡರಾಗೂ ಛಲೋ ಎಳೀ ಎಲಿ ಬಿಟ್ಟು ಮುಚ್ಚಿಸಿದರು. ಪಂಢರಿನಾಥ ತನ್ನ ಮನಶ್ಯಾನ್ನ ಕಾವಲಿಗೆ ಕೂಡಿಸಿದ, ನಾವು ಮ್ವಾಸಾ ಮಾಡಬಾರದಂತ. ಗಂಗೂನ್ನ ಕಳಸೂ ಗಾಡಿ ಅಲ್ಲಿತನಕ ನಿಂತಿತು. ಆ ದಿವಸಗಳು ಹ್ಯಾಂಗ ಹೋದವೋ ನನಗ ಗೊತ್ತು. ಮಳಿ ಬಿಡವಲ್ದು. ಒಲಿ ಮುಂದ ಕೂತರೂ ಜೀವೆಲ್ಲಾ ಆ ಬೋಗೋಣಿ ಕಡೆ.

ಮುಚ್ಚಳ ತಗದಾಗ ಭಾವಿ ನೀರಿನ ಎಲಿ ಹಸರಿತ್ತು. ಕಾಲಿವಿ ನೀರಿನ ಎಲಿ ಮ್ಯಾಲೆ ಕರೇ ಕಲಿ ಎದ್ದು, ಬೆರಳು ಇಟ್ಟರ ಹರದು ಹೋತು. ಮಾರ್ತಾಂಡರಾವ್ ಮೆಲ್ಲಕ ಮರಾಠಿಯೊಳಗ ತಿಳಿಸಿ ಹೇಳಿದರು. ಇದು ಬೂಷ್ಟಿನ ಜಾತಿದು. ಎಲ್ಲಾ ಬೂಷ್ಟೂ ಕೆಟ್ಟದ್ದಲ್ಲ, ಉದುರಿದ ತಪ್ಪಲಾ ಕೊಳಿಸಿ ಗೊಬ್ಬರಾ ಮಾಡೂದೂ ಬೂಷ್ಟ. ಆದರ ಇದು ಜೀವ ಇದ್ದ ಬಡ್ಡಿಗೇ ಬಾಯಿ ಹಾಕತದ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಾ, ನೀರಾಗ ಈಸಕೋತ ಹೋಗತದ. ಎಲಿಬಳ್ಳಿಗೆ ಯಾವ ನೆರಳು, ಯಾವ ತಂಪು ಬೇಕೋ ಅದಕ್ಕೂ ಅದ ಬೇಕು. ಬರಿಗಾಲಿನ ಕೆಸರಿನಾಗೂ ದಾಟತದ. ಹೆಣ್ಣಮಗಳ ಮೈಗೂ ಇದಕ್ಕೂ ಸಂಬಂಧ ಇಲ್ಲ ಅಂದರು.

ಗೆದ್ದೆ ಅಂದಕೊಂಡೆ. ಅಷ್ಟರಾಗ ಅವರು ಸಹಜ ಕೇಳಿದರು, “ನೀರಿಗೆ ತಾನಾಗಿ ಬರೂದಲ್ಲ ಇದು. ಜಡ್ಡಿನ ಬಳ್ಳಿ ಕೂಡ ಬರತದ. ಹೊಸಾ ಬಳ್ಳಿ ಎಲ್ಲಿಂದ ತಂದಿದ್ರಿ?”

ಮನಿಯವರು ನನ್ನ ಕಡೆ ನೋಡಿದರು. ಕದದ ಮರಿಗೆ ನಿಂತ ಗಂಗೂ ಮಾರಿ ಬೆಳ್ಳಗಾತು. ನಿನಗ ನೆನಪಿರಬೇಕು, ಲಗ್ನಾ ಮುಗಿಸಿ ಹೊಂಡೂ ಮುಂದ ತವರಿನ ಎಲಿ ನನ್ನ ತೋಟದಾಗೂ ಹಬ್ಬಲಿ ಅಂತ ನಾನ ಕೇಳಿದ್ದೆ. ನೀ ಗೋಣಿ ತಟ್ಟಿನಾಗ ಸುತ್ತಿ, ನೀರು ಹೊಡದು ಕೊಟ್ಟಿದ್ದಿ. ರೈಲಿನಾಗ ಮಗ್ಗಲಿಗೆ ಇಟಗೊಂಡು ತಂದಿದ್ದೆ. ಹೇಳದಿದ್ದರ ಸಾಹೇಬರಿಗೆ ಜಡ್ಡಿನ ಮೂಲ ಸಿಗೂದಿಲ್ಲ, ಹೇಳಿದರ ಮಾತು ತಿರಗಿ ಹುಡುಗಿ ಮ್ಯಾಲೆನ ಬರತದ. ಹೇಳಿದೆ.

ಪಂಢರಿನಾಥ ಎದ್ದು ನಿಂತ. ಹಂಗಾದರ ನಾವು ಅಂದದ್ದರಾಗ ತಪ್ಪೇನು, ಜಡ್ಡು ಸೊಸಿ ಕೂಡನ ಬಂತಲ್ಲ ಅಂದ. ಉಳದವರೂ ಹೌದಂದರು. ಮಾರ್ತಾಂಡರಾವ್ ಹೌಹಾರಿದರು, ನನ್ನ ಮಾತಿನ ಅರ್ಥ ಅದಲ್ಲ ಅಂತ ಹೇಳಾಕ ಹತ್ತಿದರು, ಯಾರೂ ಕೇಳಲಿಲ್ಲ.

ಇಷ್ಟು ವರ್ಷ ಗಂಡಸರ ನಡುವ ನಾ ದನಿ ಎತ್ತಿದ್ದಿಲ್ಲ. ಅವತ್ತು ಅಂಗಳದಾಗ ಇಳದು ನಿಂತೆ. “ಬಳ್ಳಿ ಆಕಿ ತರಲಿಲ್ಲ, ನಾ ಕೇಳಿ ತಂದೆ, ನನ್ನ ಕೈಲೆ ನೆಟ್ಟೆ. ಕಳಸೂದಿದ್ದರ ನನ್ನ ಕಳಸ್ರಿ. ನಮ್ಮಣ್ಣಗ ಗೊತ್ತಿದ್ದರ ಜಡ್ಡಿನ ಬಳ್ಳಿ ಮಗಳ ಮನಿಗೆ ಕೊಡಾವಲ್ಲ” ಅಂದೆ.

ಮನಿಯವರು ಎದ್ದು, ಗ್ವಾಡಿಗೆ ಆನಿಸಿದ್ದ ಸಲಿಕಿ ತಗೊಂಡು ತೋಟದ ಕಡೆ ಹೋದರು. ಮದಲನೇ ಸಾಲಿನ ಬಳ್ಳಿ ಬುಡಸಮೇತ ಕಿತ್ತು ದಂಡಿಗೆ ಒಗದರು. ಆಮ್ಯಾಲೆ ಎರಡನೇದು. ಅದು ಇನ್ನೂ ಹಸರಿತ್ತಣ್ಣಾ. ಬಸಲಿಂಗ ನೋಡಿ, ಹೋಗಿ ಅಪ್ಪನ ಮಗ್ಗಲಿಗೆ ಬಗ್ಗಿದ. ನಮ್ಮ ನೀರು ಯಾರ ತೋಟಕ್ಕೂ ಹರೀಬಾರದು, ನಾವ ಎಲ್ಲಾ ಕಿತ್ತು ಸುಡತೀವಿ ಅಂತ ಮನಿಯವರು ಕೂಗಿ ಹೇಳಿದರು. ಅದನ್ನ ಕೇಳಿದ ಮ್ಯಾಲೆ ಯಾರಿಗೂ ಹುಡುಗಿ ಮಾತು ಎತ್ತಾಕ ಬಾಯಿ ಬರಲಿಲ್ಲ. ಮರುದಿವಸ ಪಂಢರಿನಾಥ ತನ್ನ ಕುಡಗೋಲು ತಗೊಂಡು ಬಂದ. ಕ್ಷಮಾ ಕೇಳಾಕ ಅಲ್ಲ, ಬಳ್ಳಿ ಕೊಯ್ಯಾಕ. ಹಸೀ ಬಳ್ಳಿ ಉರೀವಲ್ದು, ಗ್ಯಾಸಲೆಟ್ ಎಣ್ಣಿ ಹಾಕಿ ಸುಟ್ಟಿವಿ. ಅವನ ತೋಟದ ಬಡ್ಡಿಗೆ ಸಾಹೇಬರು ಮೈಲುತುತ್ತ ಸುಣ್ಣ ಕಲಸಿದ ನೀಲಿ ನೀರು ಹಾಕಿಸ್ಯಾರ. ಅರ್ಧಾ ಉಳೀಬಹುದಂತ. ನಮ್ಮ ಹೊಲದಾಗ ಈ ವರ್ಷ ಎಲಿ ಹಚ್ಚೂದಿಲ್ಲ, ಬ್ಯಾರೆ ಏನರ ಬಿತ್ತತೀವಿ. ಬಸಲಿಂಗ ಗುಡಿಸಲಾ ಬಿಟ್ಟು ಮನಿಗೆ ಬಂದಾನ. ಗಂಡ ಹೆಂಡತಿ ನಡುವ ಇನ್ನೂ ಮಾತು ಸಣ್ಣ ಸಣ್ಣ ಅವ.

ಅಣ್ಣಾ, ನಿನ್ನ ತೋಟಾನೂ ಕೆದರಿ ನೋಡು. ಬಡ್ಡಿ ಕರ್ರಗಾಗಿದ್ದರ ಕಿತ್ತು ಸುಡು, ಯಾರಿಗೂ ಒಂದು ಕುಡಿ ಕೊಡಬ್ಯಾಡ. ವೈನಿಗೆ ನನ್ನ ಶರಣು ಹೇಳು. ಹುಡುಗರಿಗೆ ಆಶೀರ್ವಾದ, ಮಳ್ಯಾಗ ಹಳ್ಳಕ್ಕ ಬಿಡಬ್ಯಾಡ. ಬಸವಣ್ಣ ನಿಮ್ಮನ್ನೆಲ್ಲಾ ಕಾಯಲಿ.

ನಿನ್ನ ತಂಗಿ,
ನಾಗವ್ವ

ತಾ.ಕ. ಮ್ಯಾಲಿಂದು ನಿನ್ನೆ ಬರದು ಇಟ್ಟಿದ್ದೆ. ಇವತ್ತು ಮುಂಜಾನೆ ಟಪಾಲಿಗೆ ಹಾಕೂ ಮುಂದ ಗಂಗೂಗ ಓದಿ ಹೇಳಿದೆ. ನಿನಗ ಗೊತ್ತಿದ್ದಿಲ್ಲ ಅಂತ ನಾ ಎಲ್ಲಾರ ಮುಂದ ಅಂದ ಮಾತು ಬಂದಾಗ ಹುಡುಗಿ ನನ್ನ ತೊಡಿ ಮ್ಯಾಲೆ ಬಿದ್ದು ಅತ್ತಳು. ಇಷ್ಟು ದಿವಸದ ಅಳು ಎಲ್ಲಾ ಅತ್ತಳು. ಲಗ್ನಕ್ಕಿಂತ ಮದಲ ನಿನ್ನ ತೋಟದಾಗ ಬಳ್ಳಿ ಸಾಯಾಕ ಹತ್ತಿದ್ದವಂತ. ಅಪ್ಪಾ, ಇದನ್ನ ಸೋದರತ್ತಿಗೆ ಕೊಡಬ್ಯಾಡ ಅಂತ ಆಕಿ ಅಂದಿದ್ದಳಂತ. ತಂಗಿ ಬಾಯಿ ಬಿಟ್ಟು ಕೇಳ್ಯಾಳ, ಇಲ್ಲಂದರ ತೋಟಾ ಹಾಳಾದದ್ದು ಬೀಗರಿಗೆ ತಿಳದು ನನ್ನ ಮಾನ ಹೋಗತದ, ಯಾರಿಗೂ ಹೇಳಬ್ಯಾಡ ಅಂತ ನೀ ಆಕಿ ಕಡೆ ಆಣಿ ಮಾಡಿಸಿಕೊಂಡಿಯಂತ. ಬಳ್ಳಿ ಮೂಲ ಹುಡಕೋತ ನಿನ್ನ ಹೆಸರಿಗೆ ಬಂದಾರು ಅಂತ ಅಂಜಿ, ಮಾಡದ ತಪ್ಪು ತನ್ನ ತಲಿ ಮ್ಯಾಲೆ ಹೊತ್ತಳು.

ಹೇಳಿದೆ ಅಂತ ಅಪ್ಪಗ ಬರೀಬ್ಯಾಡ್ರಿ ಅತ್ತಿ, ಅವಗ ನಾಚಿಕಿ ಆಗತದ ಅಂದಳು. ಆಕಿ ಮಾತು ಮೀರಿ ಬರದೀನಿ. ಮನಿಯವರಿಗೆ ಹೇಳಿಲ್ಲ, ಹೇಳೂದೂ ಇಲ್ಲ.

ಪಂಚಮಿ ಹತ್ತರ ಬಂತು. ಮಗಳನ್ನ ಕರಿಯಾಕ ಬಾ. ನನ್ನ ಜೋಡಿ ಏನೂ ಮಾತಾಡೂದು ಬ್ಯಾಡ. ಆಕಿ ಎದುರಿಗೆ ಕೂತು, ತಪ್ಪು ನಂದವ್ವಾ ಅಂತ ಒಂದು ಮಾತು ಅನ್ನು. ಅಷ್ಟು ಅನ್ನಾಕ ಆಗೂದಿಲ್ಲಂದರ, ಮುಂದ ಯಾವ ಪಂಚಮಿಗೂ ಬರಬ್ಯಾಡ.