ಏಳನೇ ನಂಬರಿನ ಹಾಡು ಮತ್ತು ನೀವು

ರೀ,

ಬೆಳಿಗ್ಗೆ ಟೀ ಲೋಟ ಕೈಗಿಟ್ಟು ಕೆಲಸಕ್ಕೆ ಹೋದವಳು ಸಂಜೆ ಬಂದು ಕಾಗದ ಕೊಡುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಊಟದ ಹೊತ್ತು. ಪಕ್ಕದವಳಿಗೆ ಹೆಡ್‌ಫೋನ್ ಕೊಟ್ಟು, ಒಂದು ಗಳಿಗೆ ನೋಡಿಕೋ ಎಂದಿದ್ದೇನೆ. ಅವಳು ಆಗಲೇ ಎರಡು ಸಲ ನನ್ನ ಕಾಗದದ ಕಡೆ ಕತ್ತು ಉದ್ದ ಮಾಡಿದಳು.

ಮೊದಲೇ ಹೇಳಿಬಿಡುತ್ತೇನೆ. ಮಂಚದ ಕೆಳಗೆ ನನ್ನ ಸೂಟ್‌ಕೇಸ್ ಇದೆ. ತುಂಬಿದೆ. ಅಕ್ಕನ ಊರಿಗೆ ಹೋಗಿ ಅಲ್ಲೇ ಇದ್ದುಬಿಡಬೇಕು ಎಂದು ತುಂಬಿಟ್ಟದ್ದು. ಹೋಗುತ್ತೇನೋ ಇಲ್ಲವೋ ಎಂಬುದು ಈ ಕಾಗದ ಓದಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲಿದೆ. ಅರ್ಧ ಓದಿ ಮಡಚಿ ಜೇಬಿಗೆ ಹಾಕಿಕೊಂಡರೆ ನನ್ನಾಣೆ.

ಎಲ್ಲಾ ಶುರುವಾದದ್ದು ಆ ಹಾಳು ರೇಡಿಯೋದಿಂದ. ಹಳೆಯ ‘ವಾರದ ಇಪ್ಪತ್ತು’ ಕಾರ್ಯಕ್ರಮವನ್ನು ಭಾನುವಾರ ಮತ್ತೆ ಹಾಕುತ್ತಾರೆ ಎಂದು ಪೇಪರಿನಲ್ಲಿ ಬಂದ ದಿನ ನಿಮ್ಮ ಮುಖ ನೋಡಬೇಕಿತ್ತು. ಮಗಳು ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ. ನಾನೂ ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ನಮ್ಮ ಕಾಲದಲ್ಲಿ ಅದನ್ನು ಕೇಳದವರು ಯಾರಿದ್ದರು? ಇಪ್ಪತ್ತನೇ ನಂಬರಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ, ಒಂದನೇ ನಂಬರಿನ ಹಾಡಿಗೆ ಮೊದಲು ಡ್ರಮ್ ಬಾರಿಸಿ, ನಮ್ಮ ಜೀವ ತಿಂದು ಆಮೇಲೆ ಹಾಡು ಹಾಕುತ್ತಿದ್ದರು. ಆ ನಿರೂಪಕನಿಗೆ ನಾವು ಹುಡುಗಿಯರು ‘ಜೇನುಗಂಟಲು’ ಎಂದು ಹೆಸರಿಟ್ಟಿದ್ದೆವು. ಹಾಡಿನ ಶುರುವಿನ ಸಂಗೀತದ ಮೇಲೆಲ್ಲ ಮಾತಾಡಿ, ಗಾಯಕ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಈಗ ಕೇಳಿದರೆ ಅವನದು ಮೂಗುಗಂಟಲು. ಆಗ ನಮಗೆ ಕಿವಿ ಇತ್ತೋ ಇಲ್ಲವೋ.

ಆ ಹಾಡುಗಳೋ! ಟೆಲಿಫೋನ್ ಗಂಟೆಯಿಂದ ಶುರುವಾಗುವ ಒಂದು ಹಾಡಿತ್ತಲ್ಲ, ಬೇಸಿಗೆಯೆಲ್ಲ ಒಂದನೇ ನಂಬರಿನಲ್ಲಿ ಕಾಲು ಚಾಚಿ ಮಲಗಿದ್ದದ್ದು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಹೋದರೂ ಅದೇ. ಈಗ ಕೇಳಿದರೆ ನಗು ಬರುತ್ತದೆ. ಫೋನ್ ಹೊಡೆದುಕೊಳ್ಳುತ್ತದೆ, ಅವನು ಎತ್ತುವುದಿಲ್ಲ, ಅಷ್ಟೇ ಹಾಡು. ಊರಿಗೆ ಊರೇ ಹಾಡಿದ್ದನ್ನು ಊರಿಗೆ ಊರೇ ಮರೆತದ್ದು ಹೇಗೆ ಎಂದು ನನಗೆ ಆಶ್ಚರ್ಯ. ಹಾಡಿದವನಿಗೂ ನೆನಪಿದೆಯೋ ಇಲ್ಲವೋ. ನಿಮಗೆ ಮಾತ್ರ ಎಲ್ಲವೂ ನೆನಪಿದೆ. ಯಾವ ವರ್ಷದ ಯಾವ ವಾರ ಎಂದು ಹೇಳಿದರೆ ಸಾಕು, ಇಪ್ಪತ್ತೂ ಹಾಡುಗಳನ್ನು ಸಾಲಾಗಿ ಒಪ್ಪಿಸುತ್ತೀರಿ. ಹೊಲಿಗೆ ಮೆಷಿನ್ ರಿಪೇರಿ ಕಲಿಯುವಾಗ ಹಳೆಯ ಯಜಮಾನರ ಅಂಗಡಿಯಲ್ಲಿ ಆ ರೇಡಿಯೋ ಕೆಳಗೇ ಬೆಳೆದವರು ನೀವು.

ಹಾಗಾಗಿ ಭಾನುವಾರವೂ ಅಂಗಡಿ ಬಾಗಿಲು ತೆಗೆದಿರಿ. ರೇಡಿಯೋವನ್ನು ಮನೆಯಿಂದ ಅಲ್ಲಿಗೆ ಸಾಗಿಸಿದಿರಿ. ಕೇಳಿದ್ದಕ್ಕೆ, “ಕೆಲಸ ಬಾಕಿ ಇದೆ ಕಣೇ” ಎಂದಿರಿ. ನನಗೆ ಅಲ್ಲೇ ಒಂದು ಹುಳ ಹೊಕ್ಕಿತು. ಮನೆಯಲ್ಲಿ ಇಬ್ಬರೂ ಕೂತು ಕೇಳಬಹುದಾದ್ದನ್ನು ಅಂಗಡಿಗೆ ಹೊತ್ತೊಯ್ಯುವ ಗಂಡ, ಹಾಡು ಕೇಳಲಿಕ್ಕೇ ಹೊತ್ತೊಯ್ದನೆಂದು ಯಾವ ಹೆಂಡತಿ ನಂಬುತ್ತಾಳೆ?

ಹುಳ ಒಂದು ಹೊಕ್ಕರೆ ಒಳಗೆ ಮರಿ ಹಾಕುತ್ತದೆ. ನಾನು ಮೈಯೆಲ್ಲ ಕಣ್ಣಾಗಿ ನಿಮ್ಮನ್ನು ನೋಡತೊಡಗಿದೆ. ಫೋನಿನಲ್ಲಿ ಮಾತಾಡುವುದು ಬಿಟ್ಟೇಬಿಟ್ಟಿದ್ದಿರಿ. ಬರೀ ಮೆಸೇಜು. ಕೂತಲ್ಲಿ ನಿಂತಲ್ಲಿ ಬೆರಳಾಡಿಸುವುದು, ಓದುವುದು, ತುಟಿಯಂಚಿನಲ್ಲಿ ನಗುವುದು. ಮಗಳು ಫೋನ್ ಮಾಡಿದರೆ ಬೆಂಕಿ ಕೆಂಡದಂತೆ ನನ್ನ ಕೈಗೆ ದಾಟಿಸಿ, “ನಿನ್ನ ಮಗಳು, ಮಾತಾಡು” ಎಂದು ಹೊರಗೆ ಹೋಗುತ್ತಿದ್ದಿರಿ. “ಅಪ್ಪನಿಗೆ ನನ್ನ ಮೇಲೆ ಕೋಪಾನಾ ಅಮ್ಮಾ?” ಎಂದು ಆ ಮಗು ಕೇಳಿತು. ಇಲ್ಲ ಕಣೇ ಎಂದೆ. ಒಳಗೇ, ಅಪ್ಪನ ತಲೆಯಲ್ಲಿ ಈಗ ನಮಗೆ ಜಾಗವಿಲ್ಲ ಎಂದುಕೊಂಡೆ. ಮಲಗುವಾಗ ಮಂಚದ ನನ್ನ ಬದಿಗೆ ನೀವು ಬಂದಿರಿ, ನಿಮ್ಮ ಬದಿಗೆ ನನ್ನನ್ನು ಕಳಿಸಿದಿರಿ. ಇಷ್ಟು ವರ್ಷದಿಂದ ಮಲಗಿದ ಜಾಗ ಬದಲಾಯಿಸಲು ಏನು ಕಾರಣ? “ಫ್ಯಾನಿನ ಗಾಳಿ” ಎಂದಿರಿ. ಫ್ಯಾನು ನಡುಮಧ್ಯದಲ್ಲಿದೆ!

ಆಮೇಲೆ ಆ ಟೈಲರ್ ಹೆಂಗಸು. ಮೂಲೆಯ ಅಂಗಡಿಯವಳು, ಸಮವಸ್ತ್ರ ಹೊಲಿಯುವವಳು. ಅವಳ ಮೆಷಿನ್ನಿಗೆ ವಾರಕ್ಕೊಂದು ರೋಗ. ಅವಳಿಗೂ, “ಫೋನ್ ಬೇಡ, ಮೆಸೇಜು ಮಾಡಿ” ಎಂದಿದ್ದಿರಿ. ಒಂದು ಭಾನುವಾರ ನಾನು ಊಟದ ಡಬ್ಬಿ ಹಿಡಿದು ಸದ್ದಿಲ್ಲದೆ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಏನೋ ಹೇಳುತ್ತಿದ್ದಳು. ನೀವು ಅವಳ ಬಾಯಿಯನ್ನೇ ನೋಡುತ್ತಿದ್ದಿರಿ. ಕಣ್ಣಲ್ಲ, ಮೆಷಿನ್ನಲ್ಲ, ಬಾಯಿ! ಅವಳ ತುಟಿ ಆಡಿದಲ್ಲೆಲ್ಲ ನಿಮ್ಮ ಕಣ್ಣು ಹೋಗುತ್ತಿತ್ತು. ನನ್ನ ಬಾಯಿಯನ್ನು ನೀವು ಹಾಗೆ ಎಂದಾದರೂ ನೋಡಿದ್ದಿರಾ? ಮದುವೆಯಾದ ಹೊಸದರಲ್ಲಿ ನೋಡಿದ್ದಿರೋ ಏನೋ, ಆಗ ನಾನು ತಲೆ ಎತ್ತಿರಲಿಲ್ಲ.

ಅದೇ ಹೊತ್ತಿಗೆ ರೇಡಿಯೋ ಎಂಟನೇ ನಂಬರು ಮುಗಿಸಿತು. ನೀವು ಗೋಡೆಯ ಗಡಿಯಾರ ನೋಡಿ, ಜೇನುಗಂಟಲು ಬಾಯಿ ತೆರೆಯುವ ಮೊದಲೇ, “ಈಗ ಏಳು. ಸೀಟಿ ಹೊಡೀತಾ ಶುರುವಾಗುತ್ತೆ ನೋಡಿ” ಎಂದಿರಿ. ಸೀಟಿ ಬಂತು. ಟೈಲರ್ ಚಪ್ಪಾಳೆ ತಟ್ಟಿದಳು. ಅದು ಆ ಒಂದೇ ಒಂದು ಹಾಡು ಹಾಡಿ ಮತ್ತೆಲ್ಲೂ ಕಾಣಿಸದೆ ಹೋದ ಗಾಯಕಿಯದು. ಬಟ್ಟೆ ಒಣಗುವ ತನಕ ಕಾಯುತ್ತೇನೆ ಎನ್ನುವ ಹಾಡು. ಯಾವ ವಾರದಲ್ಲೂ ಏಳರಿಂದ ಮೇಲೆ ಹೋಗದ ಪಾಪದ ಹಾಡು. ನೀವು ಕಣ್ಣು ಮುಚ್ಚಿದಿರಿ. ಮುಗಿಯುವ ತನಕ ತೆರೆಯಲಿಲ್ಲ. ಇದರ ಹಿಂದೆ ಯಾವಳೋ ಇದ್ದಾಳೆ ಎಂದು ಆಗ ನನಗೆ ಖಾತ್ರಿಯಾಯಿತು. ಹಳೆಯವಳೊಬ್ಬಳು ಹಾಡಿನೊಳಗೆ, ಹೊಸಬಳೊಬ್ಬಳು ಅಂಗಡಿಯೊಳಗೆ. ನಾನು ಡಬ್ಬಿ ಹಿಡಿದು ಬಾಗಿಲಲ್ಲಿ.

ಆ ವಾರವೇ ಕೇಳಿದ್ದು ನಾನು. ನೀವು ಬಗ್ಗಿ ಮೆಷಿನ್ನಿನ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದಿರಿ. ಮುಖ ಕೊಟ್ಟು ಕೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಬೆನ್ನಿಗೆ ಕೇಳಿದೆ. “ಅಕ್ಕ ಬಾ ಬಾ ಅಂತಿದ್ದಾಳೆ. ನಾನು ಅಲ್ಲೇ ಇದ್ದುಬಿಡ್ಲಾ?” ಎಂದೆ. ನೀವು ತಲೆ ಎತ್ತದೆ, “ಹೂಂ, ಒಳ್ಳೇದೇ ಆಯ್ತಲ್ಲ” ಎಂದಿರಿ.

ಅಷ್ಟೇ. ಇಷ್ಟು ವರ್ಷದ ಸಂಸಾರಕ್ಕೆ ಒಂದು ಹೂಂ. ನನ್ನ ಕಾಲ ಕೆಳಗಿನ ನೆಲ ಕುಸಿಯಿತು ಎಂದು ಬರೆದರೆ ನಾಟಕವಾಡುತ್ತಾಳೆ ಎನ್ನುತ್ತೀರಿ, ಆದರೆ ನಿಜವಾಗಿ ಹಾಗೇ ಆಯಿತು. ಮನೆಗೆ ಬಂದು ಸೂಟ್‌ಕೇಸ್ ಎಳೆದೆ. ಅಳುತ್ತಾ, ಬೈಯುತ್ತಾ ಬಟ್ಟೆ ಮಡಚಿದೆ. ಭಾನುವಾರ ಕಾರ್ಯಕ್ರಮದ ಹೊತ್ತಿಗೇ ಅಂಗಡಿಗೆ ಹೋಗಿ, ಆ ಟೈಲರ್ ಎದುರಿಗೇ ನಿಮಗೆ ಛೀಮಾರಿ ಹಾಕಿ ಹೊರಡುವುದು ಎಂದು ನಿರ್ಧರಿಸಿದೆ.

ಅದು ನಿನ್ನೆ. ನಾನು ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ, ನೀವು ತಲೆಯಾಡಿಸಿದಿರಿ. ಟೈಲರ್ ಇದ್ದಳು, ಪಕ್ಕದ ಚಪ್ಪಲಿ ಅಂಗಡಿಯವರಿದ್ದರು. ಕಾರ್ಯಕ್ರಮದ ಶುರುವಿಗೆ ಈಗಿನ ರೇಡಿಯೋದ ಹುಡುಗಿ ಬಂದು ಹೇಳಿದಳು: ಇವತ್ತು ಹಾಕುತ್ತೇವೆಂದು ಪೇಪರಿನಲ್ಲಿ ತಿಳಿಸಿದ್ದ ವಾರದ ಟೇಪು ಹಾಳಾಗಿದೆ, ಕ್ಷಮಿಸಿ, ಬದಲಿಗೆ ಬೇರೆ ವರ್ಷದ ಒಂದು ವಾರ ಹಾಕುತ್ತೇವೆ. ಎಲ್ಲರಿಗೂ ಕೇಳಿಸಿತು. ರಸ್ತೆಯಾಚೆಗೂ ಕೇಳಿಸಿರಬೇಕು, ನೀವು ಇಡುವ ವಾಲ್ಯೂಮ್ ಹಾಗಿರುತ್ತದೆ. ನೀವು ಸ್ಕ್ರೂ ತಿರುಗಿಸುತ್ತಲೇ ಇದ್ದಿರಿ.

ಹಾಡುಗಳು ಮೆಟ್ಟಿಲು ಹತ್ತುತ್ತಾ ಬಂದವು. ನನಗೆ ಕೇಳುವ ಮನಸ್ಸಿರಲಿಲ್ಲ. ಬಾಯಲ್ಲಿ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ. ಆಗ ನೀವು ಗಡಿಯಾರ ನೋಡಿದಿರಿ. ಎಂದಿನ ಹಾಗೆ ಬೆರಳೆತ್ತಿ, “ಬಂತು ನೋಡಿ, ಏಳು” ಎಂದಿರಿ. ಕಣ್ಣು ಮುಚ್ಚಿ, ಮೆಲ್ಲಗೆ ಆ ಸೀಟಿ ಹೊಡೆಯತೊಡಗಿದಿರಿ.

ರೇಡಿಯೋದಲ್ಲಿ ತುತ್ತೂರಿ, ಡೋಲು, ಹತ್ತು ಜನ ಗಂಡಸರು ಒಟ್ಟಿಗೆ ಕೂಗುವ ಕುಣಿತದ ಹಾಡು ಬರುತ್ತಿತ್ತು.

ಟೈಲರ್ ನಕ್ಕಳು. ಚಪ್ಪಲಿ ಅಂಗಡಿಯವರು, “ಇವರ ತಮಾಷೆ ನೋಡ್ರಪ್ಪಾ” ಎಂದು ತೊಡೆ ತಟ್ಟಿಕೊಂಡು ನಕ್ಕರು. ನೀವು ಕಣ್ಣು ತೆರೆದಿರಿ. ಅವರ ಮುಖ ನೋಡಿದಿರಿ, ಇವರ ಮುಖ ನೋಡಿದಿರಿ, ಆಮೇಲೆ ನೀವೂ ನಕ್ಕಿರಿ. ಆ ನಗು ನನಗೆ ಗೊತ್ತು ಕಣ್ರೀ. ಈ ಕೋಣೆಯಲ್ಲಿ ಕೂತು ದಿನವಿಡೀ ಆ ದನಿ ಕೇಳುತ್ತೇನೆ. ಲೈನು ಸರಿಯಿಲ್ಲದಾಗ ಆಚೆ ಕಡೆಯವರು, ನಾನು ಹೇಳಿದ್ದು ಒಂದಕ್ಷರ ಕೇಳಿಸದೆ, ಸುಮ್ಮನೆ ಹೆಹೆ ಎನ್ನುತ್ತಾರಲ್ಲ, ಅದು.

ನನ್ನ ಬಾಯಲ್ಲಿದ್ದ ಬೈಗುಳವೆಲ್ಲ ಅಲ್ಲೇ ಒಣಗಿತು. ಆದರೂ ಸಂಶಯ ಬಿಡಲಿಲ್ಲ. ಇದೂ ಒಂದು ನಾಟಕವಿರಬಹುದು ಎಂದುಕೊಂಡೆ. ಚಪ್ಪಲಿ ಅಂಗಡಿಯವರು ಎದ್ದು ಹೋದ ಮೇಲೆ, ನೀವು ಹಿಂದಿನ ನಲ್ಲಿಯಲ್ಲಿ ಕೈಯ ಸೀಮೆಎಣ್ಣೆ ತೊಳೆಯುವಾಗ, ನಾನು ನಿಮ್ಮ ಬೆನ್ನಿಗೆ ಬಂದು ನಿಂತು, “ರೀ” ಎಂದೆ. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದೆ. “ಸೂಟ್‌ಕೇಸ್ ತುಂಬಿದ್ದೀನಿ. ಹೊರಟೆ” ಎಂದೆ. ನೀವು ಬೆರಳ ಸಂದಿಯ ಸೋಪು ಉಜ್ಜಿಕೊಳ್ಳುತ್ತಿದ್ದಿರಿ. ಆಮೇಲೆ ಇನ್ನೊಂದು ಮಾತು ಹೇಳಿದೆ. ಮದುವೆಯಾದಾಗಿನಿಂದ ನಿಮಗೆ ಹೇಳದ ಮಾತು. ಎದುರಿಗೆ ಹೇಳಲು ನಾಚಿಕೆಯಾಗುವ ಮಾತು. ಮೆಷಿನ್ ಎತ್ತಿಕೊಳ್ಳುತ್ತಿದ್ದ ಟೈಲರ್‌ಗೆ ಕೇಳಿಸಿತು. ಅವಳು ಮೆಷಿನ್ ಅಲ್ಲೇ ಬಿಟ್ಟು, ಮುಖ ತಿರುಗಿಸಿಕೊಂಡು ಹೊರಟುಹೋದಳು. ನೀವು ಕೈ ಒರೆಸಿಕೊಂಡು ತಿರುಗಿ, ನನ್ನ ಕಣ್ಣು ಒದ್ದೆಯಾಗಿದ್ದನ್ನು ನೋಡಿ, “ಸೀಮೆಎಣ್ಣೆ ವಾಸನೆಗಾ?” ಎಂದಿರಿ.

ರಾತ್ರಿಯೆಲ್ಲ ಒಂದೊಂದನ್ನೇ ತಿರುಗಿಸಿ ಹಾಕಿ ನೋಡಿದೆ. ಮಂಚದ ಬದಿ ಬದಲಾದದ್ದು ಬಲಗಿವಿಯಲ್ಲಾದರೂ ನನ್ನ ಮಾತು ಸ್ವಲ್ಪ ಬೀಳಲಿ ಎಂದು. ಫೋನು ದಾಟಿಸಿದ್ದು ಮಗಳ ದನಿ ತಿಳಿಯದೆ. ಟೈಲರ್‌ಗೆ ಮೆಸೇಜು ಮಾಡಿ ಎಂದದ್ದು, ಅವಳ ತುಟಿ ನೋಡಿದ್ದು, ಅವಳ ಮೆಷಿನ್ನಿನ ಕಾಯಿಲೆ ಅರ್ಥವಾಗಲಿ ಎಂದು. ಶಬ್ದ ಕೇಳಿ ಮೆಷಿನ್ನಿನ ರೋಗ ಹೇಳುವವರು ಎಂದು ಬೀದಿಗೇ ಹೆಸರಾದವರು ನೀವು. ಕಿವಿ ಹೋಯಿತೆಂದು ಗೊತ್ತಾದರೆ ಯಾರು ಬರುತ್ತಾರೆ ಎಂದು ಹೆದರಿದಿರಿ. ರೇಡಿಯೋವನ್ನು ಅಂಗಡಿಯಲ್ಲಿಟ್ಟದ್ದೂ ಅದಕ್ಕೇ. ಯಾರೂ ನೆನಪಿಟ್ಟುಕೊಳ್ಳದ ಹಾಡುಗಳನ್ನು ನೆನಪಿನಿಂದಲೇ ಸಾಲಾಗಿ ಹೇಳಿ, ಎಷ್ಟು ಚೆನ್ನಾಗಿ ಕೇಳಿಸುತ್ತದೆ ನೋಡಿ ಎಂದು ಬೀದಿಯನ್ನೆಲ್ಲ ನಂಬಿಸಿದಿರಿ. ಅಂಗೈಯನ್ನು ಮೆಷಿನ್ನಿನ ಮೈಮೇಲೆ ಇಟ್ಟು, ಅದರುವುದನ್ನು ತಿಳಿದು ರಿಪೇರಿ ಮಾಡುತ್ತಿದ್ದಿರಿ. ನಾನು ನೋಡಿದ್ದೆ. ಮುದ್ದಾಡುತ್ತಿದ್ದೀರಿ ಎಂದುಕೊಂಡಿದ್ದೆ.

ನನಗೆ ಕೋಪ ಬಂದಿದೆ. ಬೀದಿಯಿಂದ ಮುಚ್ಚಿಡಿ, ಒಪ್ಪುತ್ತೇನೆ. ನನ್ನಿಂದ ಯಾಕೆ ಮುಚ್ಚಿಟ್ಟಿರಿ? ದಿನಾ ಪಕ್ಕದಲ್ಲಿ ಕೂತು ಇಡೀ ಆಸ್ಪತ್ರೆಯ ಸುದ್ದಿ ಹೇಳಿದೆನಲ್ಲ, ನೀವು ಹೂಂ ಹೂಂ ಎಂದಿರಲ್ಲ, ಅದೆಲ್ಲ ಗೋಡೆಗೆ ಹೇಳಿದ್ದಾಯಿತೇ? ನೀವು ಒಬ್ಬರೇ ಆ ಮೌನದೊಳಗೆ ಕೂತು, ನಗಬೇಕಾದಲ್ಲಿ ನಗುತ್ತಾ ಇದ್ದಿರೆಂದು ನೆನೆದರೆ ಅಳು ಬರುತ್ತದೆ. ಅದಕ್ಕೂ ಕೋಪ ಬರುತ್ತದೆ.

ಈಗ ಅದೇ ಪ್ರಶ್ನೆಯನ್ನು, ಯಾವ ಲೈನೂ ಕೆಡದ ಹಾಗೆ, ಕಾಗದದ ಮೇಲೆ ಕೇಳುತ್ತಿದ್ದೇನೆ. ನಾನು ಅಕ್ಕನ ಮನೆಗೆ ಹೋಗಿ ಅಲ್ಲೇ ಇದ್ದುಬಿಡಲೇ? ನೀವು ಓದುವಾಗ ಎದುರಿಗೇ ಕೂತಿರುತ್ತೇನೆ. ಹೂಂ ಎನ್ನಬೇಡಿ. ಹೂಂ ಎನ್ನುವ ಹಕ್ಕನ್ನು ನೀವು ಕಳೆದುಕೊಂಡಿದ್ದೀರಿ. ಪೂರಾ ವಾಕ್ಯ ಹೇಳಿ.

ಬೇಡ ಎನ್ನುವುದಾದರೆ, ನಾಳೆ ಬೆಳಿಗ್ಗೆ ಷರ್ಟು ಹಾಕಿಕೊಂಡು ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಕಿವಿಯ ಡಾಕ್ಟರಿಗೆ ಇಲ್ಲಿಂದಲೇ ಫೋನ್ ಮಾಡಿ ಹೇಳಿದ್ದೇನೆ. ಯಂತ್ರ ಇಡಬೇಕಾದರೆ ಇಡಲಿ, ಇಡೀ ಬೀದಿಯ ಯಂತ್ರಗಳಿಗೆ ಎಣ್ಣೆ ಬಿಟ್ಟವರಿಗೆ ಅದರಲ್ಲಿ ಏನು ಅವಮಾನ? ಆ ಏಳನೇ ನಂಬರಿನವಳು ಯಾರು ಎಂದು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಅದು ಮಾತ್ರ ಮರೆತಿಲ್ಲ.

ನಲ್ಲಿಯ ಹತ್ತಿರ ನಿಮ್ಮ ಬೆನ್ನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಟೈಲರ್ ಬಾಯಿ ಬಿಡುವುದಿಲ್ಲ, ಬೆಳಿಗ್ಗೆಯೇ ಹೋಗಿ ಆಣೆ ಹಾಕಿಸಿಕೊಂಡು ಬಂದಿದ್ದೇನೆ. ಅದು ಓದುವ ಮಾತಲ್ಲ. ಕಿವಿ ಸರಿ ಮಾಡಿಸಿಕೊಂಡು ಬಂದು, ಎದುರಿಗೆ ಕೂತು ಕೇಳಿ. ಅಲ್ಲಿಯ ತನಕ ಅದು ಬೈಗುಳವೋ, ಇನ್ನೇನೋ ಎಂದು ನೀವೂ ಸ್ವಲ್ಪ ಸಂಶಯಪಡಿ. ನಾನೊಬ್ಬಳೇ ಪಟ್ಟದ್ದು ಸಾಕು.

ದೇವರು ನಿಮ್ಮನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ, ಗದರಿಸಲು ನನ್ನನ್ನೂ ಅಷ್ಟೇ ವರ್ಷ ಇಟ್ಟಿರಲಿ.

ಇಂತಿ,
ಇನ್ನೂ ಹೊರಡದೆ ಕೂತಿರುವ
ನಿಮ್ಮವಳು