ಇರಬಹುದು ಅಂದೆ

ಮಾರ್ಚ್ 12, ಮಂಗಳವಾರ. ಬೆಳಗ್ಗೆ 7.20

ಇವತ್ತೂ ಆಗಿತ್ತು. ಬೆಡ್‌ಶೀಟ್, ಹೊದ್ದ ಚಾದರ, ಲುಂಗಿ — ಮೂರೂ. ಆರಕ್ಕೆ ಸರಿಯಾಗಿ ನೀರು ಬಿಡುತ್ತಾರೆ. ಆರು ಗಂಟೆ ಎರಡು ನಿಮಿಷಕ್ಕೆ ಬಾತ್‌ರೂಮ್ ಸೇರಿ ಚಿಲಕ ಹಾಕಿಕೊಂಡೆ. ನೆನೆಸಿ, ಸೋಪು ಹಚ್ಚಿ, ಕುಕ್ಕಿ, ಮೂರು ಸಲ ಜಾಲಿಸಿದರೂ ವಾಸನೆ ಹೋಯಿತು ಅಂತ ನಂಬಿಕೆ ಬರುವುದಿಲ್ಲ. ಎಂಟು ಬಕೆಟ್ ಆಯಿತು. ಚಾದರ ಹಿಂಡುವಷ್ಟರಲ್ಲಿ ಮಣಿಕಟ್ಟು ಸೋತಿತು. ಒಳಗೇ ರಾಡಿನ ಮೇಲೆ ಹರಡಿ, ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದಾಗ ಏಳು ದಾಟಿತ್ತು.

ಹಾಲ್‌ನಲ್ಲಿ ಸೌಮ್ಯಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪೂಜೆ ಆಯ್ತಾ ಮಾವ ಅಂದಳು. ಆಯ್ತಮ್ಮ ಅಂದೆ. ಸೊಸೆಗೆ ಗೊತ್ತಿರುವುದು ಇಷ್ಟು — ಮಾವ ಬೆಳಗ್ಗೆ ಒಂದು ಗಂಟೆ ಸ್ನಾನ, ಲಿಂಗಪೂಜೆ ಮಾಡುತ್ತಾರೆ. ಅವರ ಬಾತ್‌ರೂಮ್ ಅವರೇ ತೊಳೆದುಕೊಳ್ಳುತ್ತಾರೆ. ಗೆಳತಿಯರ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಪೂಜೆ ಹತ್ತು ನಿಮಿಷದ್ದು. ಲಿಂಗಕ್ಕೆ ನೀರೆರೆಯಲು ಒಂದು ಸಣ್ಣ ತಂಬಿಗೆ ಸಾಕು. ಮಿಕ್ಕಿದ್ದೆಲ್ಲ ನನ್ನ ಉಚ್ಚೆ ತೊಳೆಯುವ ಕೆಲಸ. ದೇವರ ಹೆಸರು ಹೇಳಿ ಬಟ್ಟೆ ಒಗೆಯುತ್ತಿದ್ದೇನೆ. ಎಪ್ಪತ್ತೊಂದು ವರ್ಷ. ಚನ್ನಬಸಮ್ಮ ಬದುಕಿದ್ದಿದ್ದರೆ ಅವಳಿಗಾದರೂ ಹೇಳುತ್ತಿದ್ದೆ... ಇಲ್ಲ, ಹೆಂಡತಿಗೂ ಹೇಳುತ್ತಿರಲಿಲ್ಲ.

ಮಾರ್ಚ್ 13, ಬುಧವಾರ

ಲಿಫ್ಟ್‌ನಲ್ಲಿ ನೋಟಿಸ್ ಅಂಟಿಸಿದ್ದಾರೆ. ಭಾನುವಾರದ ಮೀಟಿಂಗ್‌ನಲ್ಲಿ ಆದ ತೀರ್ಮಾನಗಳು. ಮೂರು ಬೋರ್‌ವೆಲ್‌ನಲ್ಲಿ ಎರಡು ಬತ್ತಿವೆ. ಟ್ಯಾಂಕರ್‌ನವನು ಫೋನ್ ಎತ್ತುವುದಿಲ್ಲ. ಕಾರು ತೊಳೆಯಬಾರದು, ಗಿಡಗಳಿಗೆ ಪೈಪ್ ಬಿಡಬಾರದು ಅನ್ನುವುದು ಸರ್ಕಾರದ್ದು. ಮಿಕ್ಕವು ನಮ್ಮವೇ. ನೀರು ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು. ವಾಷಿಂಗ್ ಮೆಷಿನ್ ಭಾನುವಾರ ಮಾತ್ರ. ತಲೆಗೆ ದಿನಕ್ಕೆ ನೂರು ಲೀಟರ್. ಮೀರಿದ ಮನೆಗಳ ನಂಬರ್ ಪ್ರತಿ ಭಾನುವಾರ ಲಿಫ್ಟ್‌ನಲ್ಲಿ, ಕೆಂಪು ಅಕ್ಷರದಲ್ಲಿ.

ಕೆಂಪು ಅಕ್ಷರದ ಐಡಿಯಾ ನನ್ನದು. ಮೀಟಿಂಗ್‌ನಲ್ಲಿ ನನ್ನನ್ನು ತೋರಿಸಿ, ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದವರು, ಭದ್ರಾ ನಾಲೆ ನೋಡಿಕೊಂಡವರು, ಶೇಖರಪ್ಪನವರು ಎರಡು ಮಾತಾಡಲಿ ಅಂದರು. ದಂಡ ಹಾಕಿದರೆ ಕಟ್ಟಿ ಸುಮ್ಮನಾಗುತ್ತಾರೆ, ಮರ್ಯಾದೆ ಹೋದರೆ ಮಾತ್ರ ನಲ್ಲಿ ನಿಲ್ಲಿಸುತ್ತಾರೆ ಅಂದೆ. ಚಪ್ಪಾಳೆ ಬಿತ್ತು. ಆಗಲೇ ನನ್ನ ಈ ಕಾಯಿಲೆ ಶುರುವಾಗಿ ಎರಡು ವಾರ ಆಗಿತ್ತು. ಗೊತ್ತಿದ್ದೂ ಅಂದುಬಿಟ್ಟೆ. ಮೈಕ್ ಕೈಗೆ ಕೊಟ್ಟರೆ ನಾನು ಇನ್ನೂ ಇಂಜಿನಿಯರೇ.

ಮಾರ್ಚ್ 16, ಶನಿವಾರ. ಬೆಳಗ್ಗೆ

ಎರಡು ದಿನದಿಂದ ಹಾಸಿಗೆ ಒಣಗಿದೆ. ಎದ್ದು ಕೈಯಾಡಿಸಿ ನೋಡಿ ಸಮಾಧಾನಪಟ್ಟೆ. ಪರೀಕ್ಷೆ ಪಾಸಾದ ಹುಡುಗನ ಹಾಗೆ ಖುಷಿ. ಎಂಥಾ ಖುಷಿ.

ಕೆಲಸದ ಹನುಮವ್ವ ಕಂಡುಹಿಡಿದಳು. ಅಜ್ಜಾರ ಮುಖ ಇವತ್ತು ಕಳೆಯಾಗಿದೆ ಅಂದಳು. ಯಾದಗಿರಿ ಕಡೆಯ ಹೆಂಗಸು. ಗಂಡ ಸೆಂಟ್ರಿಂಗ್ ಕೆಲಸ. ಕಾಡುಗೋಡಿ ಆಚೆ ತಗಡಿನ ಶೆಡ್‌ನಲ್ಲಿ ಇದ್ದಾರೆ. ಅಲ್ಲಿಗೆ ನೀರು ಮೂರು ದಿನಕ್ಕೊಮ್ಮೆ. ಅದಕ್ಕೆ ನಮ್ಮಲ್ಲಿಂದ ದಿನಾ ಐದು ಲೀಟರಿನ ಎರಡು ಕ್ಯಾನ್ ತುಂಬಿಕೊಂಡು ಹೋಗುತ್ತಾಳೆ. ಸೌಮ್ಯಾಳೇ ಒಯ್ಯಲು ಹೇಳಿದ್ದು. ಏಳೂವರೆಗೆ ಬಂದವಳು ಎಂಟೂಕಾಲಿಗೆ ನನ್ನನ್ನು ವಾಕಿಂಗ್‌ಗೆ ಓಡಿಸುತ್ತಾಳೆ. ಬಿಸಿಲು ಏರುತ್ತದೆ, ಹೋಗಿ ಹೋಗಿ ಅಂತ ಒಂದೇ ರಗಳೆ. ನನ್ನ ಕೋಣೆ ಒರೆಸಲು ನಾನೇ ಅಡ್ಡಿ ಅನ್ನಿಸಬೇಕು. ನನ್ನ ಮೇಲೆ ಜೋರು ಮಾಡುವವಳು ಈ ಮನೆಯಲ್ಲಿ ಅವಳೊಬ್ಬಳೇ.

ಮಾರ್ಚ್ 17, ಭಾನುವಾರ

ಬಿ 704. ದಿನದ ಸರಾಸರಿ 418 ಲೀಟರ್. ಮಿತಿ 300. ನಮ್ಮ ಬ್ಲಾಕ್‌ನಲ್ಲಿ ಮೂರನೇ ಸ್ಥಾನ. ಕೆಂಪು ದಪ್ಪ ಅಕ್ಷರ — ಕನ್ನಡಕ ಇಲ್ಲದೆಯೂ ಓದಬಹುದು.

ಮಗ ಈರೇಶನಿಗೆ ನಗು. ಅಪ್ಪಾಜಿ, ನಿಮ್ಮ ಸ್ಕೀಮ್ ನಮಗೇ ತಿರುಗಿಬಿತ್ತಲ್ಲ ಅಂದ. ನಾನೂ ನಕ್ಕೆ. ಸೌಮ್ಯಾ ನಗಲಿಲ್ಲ. ಲಿಫ್ಟ್‌ನಲ್ಲಿ ಆರನೇ ಮಹಡಿಯವರು ಬೋರ್ಡ್ ನೋಡಿ ಇವಳನ್ನು ನೋಡಿದರಂತೆ. ಐದರಲ್ಲೇ ಇಳಿದು ಮಿಕ್ಕ ಎರಡು ಮಹಡಿ ಮೆಟ್ಟಿಲು ಹತ್ತಿ ಬಂದಿದ್ದಾಳೆ.

ಮಾರ್ಚ್ 20, ಬುಧವಾರ

ಸಂಜೆ ನಾಲ್ಕರ ಮೇಲೆ ನೀರು ಕುಡಿಯುತ್ತಿಲ್ಲ. ಊಟಕ್ಕೆ ಮಜ್ಜಿಗೆ ಬೇಡ ಅಂದೆ. ನಾಲಿಗೆ ಅಂಗುಳಿಗೆ ಅಂಟುತ್ತದೆ. ಆದರೂ ನಿನ್ನೆ, ಇವತ್ತು ಆಯಿತು. ಎರಡೇ ಬಕೆಟ್‌ನಲ್ಲಿ ಮುಗಿಸಿ ನೋಡಿದೆ. ಮೂಗಿಗೆ ಹಿಡಿದರೆ ಗೊತ್ತಾಗುತ್ತಿತ್ತು. ಹೆದರಿ ಮತ್ತೆ ಆರು ಬಕೆಟ್ ಸುರಿದೆ.

ಮೆಡಿಕಲ್ ಶಾಪ್‌ಗೆ ಹೋದೆ. ದೊಡ್ಡವರ ಡೈಪರ್ ಎದುರಿನ ರ‍್ಯಾಕ್‌ನಲ್ಲೇ ಇದೆ. ಕೇಳಬೇಕು ಅಷ್ಟೆ. ಅಷ್ಟರಲ್ಲಿ ಎ ಬ್ಲಾಕ್‌ನ ಸೆಕ್ರೆಟರಿ ಬಂದು ಹಿಂದೆ ನಿಂತರು. ವಿಕ್ಸ್ ತೆಗೆದುಕೊಂಡು ಬಂದೆ. ನನ್ನ ಮೇಜಿನ ಮೇಲೆ ಈಗ ಮೂರು ವಿಕ್ಸ್ ಡಬ್ಬಿ ಇವೆ.

ಮಾರ್ಚ್ 24, ಭಾನುವಾರ. ಸಂಜೆ 5

436. ಮೊದಲನೇ ಸ್ಥಾನ.

ಸೌಮ್ಯಾ ಕಾಗದ ಪೆನ್ನು ಹಿಡಿದು ಕೂತಳು. ಅಡುಗೆಗೆ ಇಷ್ಟು, ಫ್ಲಶ್‌ಗೆ ಇಷ್ಟು, ಮೂವರ ಸ್ನಾನ ಒಂದೊಂದು ಬಕೆಟ್. ಎಷ್ಟು ಜಗ್ಗಿದರೂ ಮುನ್ನೂರು ದಾಟುವುದಿಲ್ಲ. ಆಮೇಲೆ ತಲೆಯೆತ್ತಿ ಕೇಳಿದಳು. "ಮಾವ, ನಾವಿಬ್ರೂ ಕೆಲಸದಲ್ಲಿ ಮುಳುಗಿರ್ತೀವಿ. ಹನುಮವ್ವ ನಲ್ಲಿ ಬಿಟ್ಕೊಂಡು ಪಾತ್ರೆ ತೊಳೀತಾಳಾ? ಕ್ಯಾನ್ ಜಾಸ್ತಿ ತುಂಬ್ತಾಳಾ? ನೀವೇನಾದ್ರೂ ನೋಡಿದೀರಾ?"

ಇಲ್ಲ ಅನ್ನಬೇಕಿತ್ತು. ಎರಡು ಕ್ಯಾನ್ ಅಂದರೆ ಹತ್ತು ಲೀಟರ್. ಹತ್ತು ಕ್ಯಾನ್ ಹೊತ್ತರೂ ಐವತ್ತು. ನೂರ ಮೂವತ್ತಾರು ಲೀಟರ್ ಎಲ್ಲಿ ಹೋಯಿತು ಅನ್ನುವ ಲೆಕ್ಕ ಈ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಇರಬಹುದು ಅಂದೆ.

ನೋಡಿದ್ದೇನೆ ಅನ್ನಲಿಲ್ಲ. ಸುಳ್ಳು ಹೇಳಲಿಲ್ಲ ಅಂತ ಆಮೇಲೆ ಮನಸ್ಸಿನಲ್ಲೇ ವಾದ ಹೂಡಿದೆ. ಇಲಾಖೆಯಲ್ಲಿ ಇಂಥ ಮಾತು ಬಹಳ ಬರೆದಿದ್ದೇನೆ. ಯಾರ ತಲೆಯ ಮೇಲೆ ಬೀಳಬೇಕೋ ಬೀಳುತ್ತದೆ, ಬರೆದವನ ಮೇಲೆ ಬೀಳುವುದಿಲ್ಲ.

ಮಾರ್ಚ್ 25, ಸೋಮವಾರ

ಹನುಮವ್ವನನ್ನು ಬಿಡಿಸಿದರು.

ಸೌಮ್ಯಾ ಕೂಗಾಡುವವಳಲ್ಲ. ಈ ನೀರಿನ ತಾಪತ್ರಯ ಮುಗಿಯುವವರೆಗೆ ಬೇಡ, ಆಮೇಲೆ ನೋಡೋಣ ಅಂದಳು. ನಾನು ಕೋಣೆಯಲ್ಲಿ ಬಾಗಿಲ ಹಿಂದೆ ನಿಂತಿದ್ದೆ. ವಾಕಿಂಗ್ ಚಪ್ಪಲಿ ಹಾಕಿಕೊಂಡು, ಬಾಗಿಲು ಅರ್ಧ ಮುಚ್ಚಿಕೊಂಡು.

"ಎರಡ ಕ್ಯಾನ್ ಬಿಟ್ರ ಒಂದ ಹನಿ ಮುಟ್ಟಿಲ್ರೀ ಅಕ್ಕಾರ. ಅಜ್ಜಾರ ಮನ್ಯಾಗ ಇರ್ತಾರಲ್ರಿ, ಅವರನ್ನ ಕೇಳ್ರಿ."

"ಅವರನ್ನ ಕೇಳೇ ಹೇಳ್ತಿರೋದು ಹನುಮವ್ವ."

ಅಳುತ್ತಾಳೆ, ಜಗಳ ಆಡುತ್ತಾಳೆ ಅಂತ ಕಾದೆ. ಏನೂ ಇಲ್ಲ. ಚಪ್ಪಲಿ ಸದ್ದು, ಮುಂಬಾಗಿಲು. ಹೊರಗೆ ಬಂದು ನೋಡಿದರೆ ಎರಡೂ ಕ್ಯಾನ್ ಖಾಲಿ ಬಿಟ್ಟು ಹೋಗಿದ್ದಳು.

ವಾಕಿಂಗ್ ಹೋಗಲಿಲ್ಲ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಇದನ್ನು ಬರೆಯಲು ಮಾತ್ರ ಧೈರ್ಯ ಇದೆ.

ಏಪ್ರಿಲ್ 1, ಸೋಮವಾರ

ಒಂದು ವಾರ ಇದನ್ನು ಮುಟ್ಟಲಿಲ್ಲ.

ನಿನ್ನೆಯ ಲಿಸ್ಟ್: 441. ಹನುಮವ್ವ ಇಲ್ಲದೆಯೂ ನಾವೇ ಮೊದಲು. ಸೌಮ್ಯಾ ಬೋರ್ಡ್ ಮುಂದೆ ಬಹಳ ಹೊತ್ತು ನಿಂತಳಂತೆ. ಪಾಪ, ಅವಳದ್ದೇನೂ ಅಲ್ಲ ಮಾವ, ಎಲ್ಲೋ ಪೈಪ್ ಲೀಕ್ ಇರಬೇಕು, ಗುರುವಾರ ಪ್ಲಂಬರ್ ಬರ್ತಾನೆ ಅಂದಳು. ಹಾಗಾದರೆ ಹನುಮವ್ವನಿಗೆ ಫೋನ್ ಮಾಡಮ್ಮ ಅಂದೆ. ಯಾವ ಮುಖ ಇಟ್ಕೊಂಡು ಮಾಡಲಿ, ಲೀಕ್ ಸಿಗಲಿ ಆಮೇಲೆ ಅಂದಳು.

ಇನ್ನೊಂದು ವಿಷಯ. ಹಾಸಿಗೆ ನಾರುತ್ತಿದೆ. ದಾವಣಗೆರೆಯಿಂದ ತಂದ ಹತ್ತಿ ಹಾಸಿಗೆ. ಒಂದು ತಿಂಗಳು ಬೆಡ್‌ಶೀಟ್ ಅಷ್ಟೇ ಒಗೆದು ಹಾಕುತ್ತಿದ್ದೆ. ಹಾಸಿಗೆ ತಾನಾಗಿ ಒಣಗುತ್ತದೆ ಅಂದುಕೊಂಡಿದ್ದೆ. ಮೂವತ್ತೆರಡು ವರ್ಷದ ಇಂಜಿನಿಯರ್! ಈಗ ಒಂದೇ ವಾರಕ್ಕೆ ಕೋಣೆಯೆಲ್ಲ ವಾಸನೆ. ಊದುಬತ್ತಿ ಹಚ್ಚುತ್ತೇನೆ. ಕಿಟಕಿ ತೆರೆದಿಡುತ್ತೇನೆ. ಮೊದಲು ಯಾಕೆ ಇರಲಿಲ್ಲ...

ಏಪ್ರಿಲ್ 2, ಮಂಗಳವಾರ. ಬೆಳಗ್ಗೆ 9

ಯಾಕೆ ಇರಲಿಲ್ಲ ಅಂತ ಗೊತ್ತಾಯಿತು.

ಗೇಟಿನಲ್ಲಿ ಸೆಕ್ಯುರಿಟಿ ಮುನಿಕೃಷ್ಣ ತಡೆದ. "ಆಯಮ್ಮ ಬರ್ತಿಲ್ವಾ ಸಾರ್? ನಿಮ್ ಆಸ್ಗೆ ನಿಮ್ ರೂಮ್ ಬಾಲ್ಕನೀಲಿ ಕಾಣ್ತಾನೇ ಇಲ್ಲ."

ಯಾವ ಹಾಸಿಗೆ ಅಂದೆ.

"ನೀವು ವಾಕಿಂಗ್ ಓದ ತಕ್ಷಣ ತಂದು ಬಿಸ್ಲಿಗಾಕೋರು, ನೀವು ಬರೋ ಒತ್ತಿಗೆ ತೆಗ್ಯೋರು. ಬಾಲ್ಕನೀಲಿ ಒಣಗಾಕಂಗಿಲ್ಲ ಅಂತ ರೂಲ್ಸ್ ಐತಲ್ಲ, ಎಲ್ಡ್ ಸಲ ಇಂಟರ್‌ಕಾಮ್ ಮಾಡಿ ಬೈದೆ. ತಿಗಣೆ ಆಗವೆ ಕಣಣ್ಣ, ಅಜ್ಜಂಗೆ ನಿದ್ದೆ ಇಲ್ಲ, ಯಾರ್ಗೂ ಏಳ್ಬ್ಯಾಡ ಅಂದ್ರು. ಓದವಾ ಸಾರ್ ತಿಗಣೆ?"

ಹೋದವು ಅಂದೆ.

ಪಾರ್ಕಿನ ಬೆಂಚಿನ ಮೇಲೆ ಕೂತೆ. ನಡೆಯಲು ಆಗಲಿಲ್ಲ. ಎಲ್ಲ ಗೊತ್ತಿತ್ತು ಅವಳಿಗೆ. ದಿನಾ ನನ್ನನ್ನು ಹೊರಗೆ ಓಡಿಸಿದ್ದು ಅದಕ್ಕೆ. ಕೆಲಸ ಹೋಗುವಾಗ ಒಂದು ಮಾತು ಅಂದಿದ್ದರೆ ಸಾಕಿತ್ತು — ಅಜ್ಜಾರ ಹಾಸಿಗೆ ನೋಡಿ ಬನ್ನಿ ಅಂತ. ಅನ್ನಲಿಲ್ಲ. ನಾನು ಅವಳ ಮೇಲೆ ಹೇಳಿದ್ದೇನೆ ಅಂತ ಗೊತ್ತಾದ ಮೇಲೂ ಅನ್ನಲಿಲ್ಲ. ನನ್ನ ಮರ್ಯಾದೆ ಉಳಿಸಿ ಖಾಲಿ ಕೈಯಲ್ಲಿ ಹೋದಳು. ನಾನು ಉಳಿಸಿಕೊಂಡೆ!

ಏಪ್ರಿಲ್ 3, ಬುಧವಾರ

ಊಟದ ಹೊತ್ತಿಗೆ ಹೇಳಬೇಕು ಅಂತ ಇದ್ದೆ. ಈರೇಶ ಮ್ಯಾಚ್ ನೋಡುತ್ತಿದ್ದ. ಚಪಾತಿ ಚೆನ್ನಾಗಿದೆ ಅಂದೆ.

ಏಪ್ರಿಲ್ 4, ಗುರುವಾರ. ಬೆಳಗ್ಗೆ 10.40

ಹೇಳಿದೆ.

ಈರೇಶ ಆಫೀಸಿಗೆ ಹೋಗಿದ್ದ. ಹತ್ತು ಗಂಟೆಗೆ ಪ್ಲಂಬರ್ ಬರುವವನಿದ್ದ. ಸೌಮ್ಯಾ ಕಾಲ್‌ನಲ್ಲಿದ್ದಳು. ಎದುರಿಗೆ ಹೋಗಿ ನಿಂತೆ. ಮ್ಯೂಟ್ ಮಾಡಿ ಏನು ಮಾವ ಅಂದಳು. ಪ್ಲಂಬರ್‌ಗೆ ಬೇಡ ಅನ್ನಮ್ಮ, ಪೈಪ್ ಲೀಕ್ ಇಲ್ಲ ಅಂದೆ. ಮತ್ತೇನು ಅಂದಳು. ನಾನೆಂದೆ, "ಲೀಕ್ ಆಗ್ತಿರೋದು ನಾನು."

ತಮಾಷೆ ಅಂದುಕೊಂಡು ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಬೆಡ್‌ಶೀಟ್, ಎಂಟು ಬಕೆಟ್, ಪೂಜೆಯ ನೆಪ — ಎಲ್ಲ ಹೇಳಿದೆ. ನೆಲ ನೋಡುತ್ತ ಹೇಳಿದೆ. ಹಾಸಿಗೆ ಯಾರು ಒಣಗಿಸುತ್ತಿದ್ದರು ಅನ್ನುವುದನ್ನೂ ಹೇಳಿದೆ. ಲ್ಯಾಪ್‌ಟಾಪ್ ಮುಚ್ಚಿದಳು. ಯಾವಾಗಿಂದ ಮಾವ, ಇದು ಎಷ್ಟೋ ಜನಕ್ಕೆ ಆಗುತ್ತೆ, ಇವತ್ತೇ ಡಾಕ್ಟರ್ ಹತ್ರ ಹೋಗೋಣ ಅಂದಳು. ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರ್ ಆಮೇಲೆ, ಮೊದಲು ಹನುಮವ್ವನಿಗೆ ಫೋನ್ ಮಾಡು, ನನ್ನ ಮುಂದೆ ಮಾಡು ಅಂದೆ. ಸ್ಪೀಕರ್ ಹಾಕಿದಳು. ಮೂರನೇ ರಿಂಗ್‌ಗೆ ಹನುಮವ್ವ ಎತ್ತಿದಳು. ಮೊದಲು ಕೇಳಿದ್ದೇ ಅಜ್ಜಾರ ಆರಾಮ ಇದ್ದಾರಾ ಅಂತ.

ಸೌಮ್ಯಾ ನನ್ನ ಕಡೆ ಒಮ್ಮೆ ನೋಡಿದಳು. "ಹನುಮವ್ವ, ನಿಂದೇನೂ ತಪ್ಪಿಲ್ಲ. ಮೀಟರ್ ಕೆಟ್ಟೋಗಿತ್ತಂತೆ. ನಾಳೆಯಿಂದ ಬಾ."

"ಹೌದೇನ್ರಿ. ಮಷಿನ್ ಅಂದಮ್ಯಾಲ ಕೆಡತಾವ ಬಿಡ್ರಿ ಅಕ್ಕಾರ. ಬರತೀನಿ."

ಮುಗಿಯಿತು. ಇಬ್ಬರು ಹೆಂಗಸರು ಸೇರಿ ನನ್ನನ್ನು ಮತ್ತೆ ಮುಚ್ಚಿದ್ದರು. ನಾನು ಸುಮ್ಮನೆ ಕೂತಿದ್ದರೆ ಸಾಕು, ಅವಳಿಗೆ ಕೆಲಸ, ನನಗೆ ಮರ್ಯಾದೆ. ಒಂದು ಕ್ಷಣ ಹಾಗೇ ಕೂತಿದ್ದೆ ಕೂಡ. ಅದನ್ನೂ ಬರೆದಿಡಬೇಕು.

ಫೋನ್ ಕೊಡಮ್ಮ ಅಂದೆ. ತೆಗೆದುಕೊಂಡು ಹೇಳಿದೆ. "ಹನುಮವ್ವ, ಮೀಟರ್ ಸರಿಯಾಗೇ ಇತ್ತು. ನೀರು ಖರ್ಚು ಮಾಡಿದ್ದು ನಾನು. ನಿನ್ನ ಮೇಲೆ ಹಾಕಿದ್ದೂ ನಾನು."

"ಗೊತ್ತೈತ್ರಿ ಅಜ್ಜಾರ."

ಬಯ್ಯಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅವತ್ತ ಬಾಗಲಾ ಹಿಂದ ನಿಂತಿದ್ರಲ್ರಿ. ಕೆಳಗ ನಿಮ್ಮ ಕಾಲ ಕಾಣಸ್ತಿದ್ವು. ಈಗ ಬರತಾರ, ಈಗ ಬರತಾರ ಅಂತ ನೋಡಕೋತ ನಿಂತಿದ್ನಿರಿ."

ಅದಕ್ಕೆ ನಾನು ಅಂದೆ, "ನಾಳೆ ನೀನು ಬಂದಾಗ ಬಾಗಿಲು ನಾನೇ ತೆಗೀತೀನಿ ಹನುಮವ್ವ."