ಮಲ್ಲಿಗೆ ಸಾಲಿನಲ್ಲಿ ಹುಟ್ಟಿದವಳು

ಬ್ರಂಕಲಿಯೋನೆ, ಕಲಾಬ್ರಿಯ
ಆಗಸ್ಟ್ 1953

ಅತ್ತೆಯವರಿಗೆ ಕಡಲ ದಂಡೆಯಿಂದ ಸೊಸೆಯ ನಮಸ್ಕಾರ.

ನೀವು ಅಜ್ಜಿಯಾದಿರಿ! ಗುರುವಾರ ಬೆಳಕು ಹರಿಯುವ ಹೊತ್ತು, ಮಲ್ಲಿಗೆ ಕೊಯ್ಯುತ್ತಿದ್ದಾಗಲೇ ನೋವು ಬಂತು. ಹೊಲವೂ ಕಡಲೂ ಒಂದೇ ಬಿಳುಪಾಗಿ ತೇಲುತ್ತಿದ್ದವು. ಹೂವಿನ ಮೇಲೆ ಮಲಗಿದ್ದೆನೋ ನೀರಿನ ಮೇಲೋ, ನನಗೆ ತಿಳಿಯಲಿಲ್ಲ. ಜೊತೆಯ ಹೆಂಗಸರು ಹಾಡು ನಿಲ್ಲಿಸದೆಯೇ ಹೆರಿಗೆ ಮಾಡಿಸಿ, ಮಗುವನ್ನು ಹೂಬುಟ್ಟಿಯಲ್ಲಿ ಮಲಗಿಸಿದರು.

ಮೇಸ್ತ್ರಿ ಬಂದು, "ಈ ಬುಟ್ಟಿ ಯಾಕಿನ್ನೂ ತೂಕಕ್ಕೆ ಬಂದಿಲ್ಲ?" ಎಂದು ಗದರಿದ.

"ಇದು ಫ್ರಾನ್ಸಿನವರ ಅತ್ತರಿಗಲ್ಲ ಕಣಯ್ಯ, ನಮ್ಮನೇಗೆ. ಟೋಪಿ ತೆಗಿ!" ಎಂದಳು ಮುದುಕಿ ಕಾರ್ಮೆಲಾ. ಅವನು ಬಗ್ಗಿ ನೋಡಿ, ಟೋಪಿ ತೆಗೆದ.

ಇಬ್ಬರೂ ಚೆನ್ನಾಗಿದ್ದೇವೆ. ನನಗೆ ಜ್ವರವಿಲ್ಲ, ಹಾಲು ಸಾಕಷ್ಟಿದೆ.

ಮೊದಲ ಮೊಮ್ಮಗಳಿಗೆ ನಿಮ್ಮ ಹೆಸರೇ ಇಡಬೇಕೆಂದು ಗೊತ್ತು. ಆದರೆ ನಾನು ಕಣ್ಣು ಬಿಡುವಷ್ಟರಲ್ಲಿ ಎಲ್ಲರೂ ಅವಳಿಗೆ ಮಲ್ಲಿಗೆಯ ಹೆಸರಿಟ್ಟು, "ಜೆಲ್ಸೊಮೀನಾ" ಎಂದು ಕರೆಯುತ್ತಿದ್ದರು. ಮುಂದಿನ ತಿಂಗಳ ಮೊದಲ ಭಾನುವಾರ ಇಗರ್ಜಿಯಲ್ಲಿ ದೀಕ್ಷಾಸ್ನಾನ. ಹಿಂದಿನ ದಿನ ನಿಮ್ಮ ಮಗ ಕತ್ತೆ ಹಿಡಿದುಕೊಂಡು ಬೆಟ್ಟದ ಬುಡದಲ್ಲಿ ಕಾಯುತ್ತಾರೆ. ಕೋಪವಿದ್ದರೂ ಇಳಿದು ಬನ್ನಿ. ಮಗುವನ್ನು ಎತ್ತಿಕೊಂಡು, ನಿಮ್ಮ ಹೆಸರಿನಿಂದಲೇ, "ಫೊರ್ತುನಾತಾ" ಎಂದು ನೀವೇ ಕರೆಯಿರಿ. ತಿರುಗಿ ನೋಡಿದಳೋ, ನೀವು ಗೆದ್ದಿರಿ.

ಅವಳು ಅಳುತ್ತಿದ್ದಾಳೆ, ಎದ್ದೆ.

ಫಿಲೋಮೆನಾ